ನೂರು ಫಾರ್ಮು, ಒಂದು ಗೋಣಿ ಅಡಿಕೆ

ಮೊನ್ನೆ ಪಕ್ಕದ ಮನೆಯ ಹುಡುಗ ಒಂದು ಕಟ್ಟು ಕಾಗದ ಹಿಡ್ಕೊಂಡು ನಮ್ಮ ಜಗಲಿಗೆ ಬಂದ. ಎಂಬಿಎ ಕೊನೆಯ ಸೆಮಿಸ್ಟರ್. "ಮಾವ, ಇದಕ್ಕೆ ಸ್ವಲ್ಪ ಟಿಕ್ ಹಾಕಿ ಕೊಡಿ" ಅಂದ. ಅಡಿಕೆ ಬೆಳೆಗಾರರಿಗೆ ಮಾರುಕಟ್ಟೆ ತೃಪ್ತಿ ಕೊಟ್ಟಿದೆಯೋ ಇಲ್ಲವೋ ಅಂತ ಇಪ್ಪತ್ತು ಪ್ರಶ್ನೆ, ಎಲ್ಲ ಇಂಗ್ಲಿಷಿನಲ್ಲಿ. ಒಂದೊಂದಕ್ಕೂ ಐದೈದು ಚೌಕ. ಒಟ್ಟು ನೂರು ಫಾರ್ಮು ತುಂಬಬೇಕಂತೆ.

"ಎಷ್ಟಾಯ್ತು?" ಕೇಳಿದೆ.

"ನಲ್ವತ್ತು. ಉಳಿದದ್ದು ನಾನೇ ಹಾಕುದು. ಎಲ್ಲರೂ ಹಾಗೇ ಮಾಡುದು ಮಾವ."

ಮೊದಲು ನಗು ಬಂತು, ಆಮೇಲೆ ಬೇಜಾರಾಯ್ತು. ಅವನ ಫೀಸಿಗೆ ಅಪ್ಪ ಸಾಲ ತೆಗೆದದ್ದು ನನಗೆ ಗೊತ್ತುಂಟು. ಹುಡುಗನಿಗೆ ಬೈಯುವ ಮೊದಲು ಅವನ ಸಿಲೆಬಸ್ ಕೇಳಿ ತಕೊಂಡೆ. ರಾತ್ರಿ ಕೂತು ಓದಿದೆ, ಒಂದು ಪುಸ್ತಕ ಓದಿದ ಹಾಗೇ.

ಸೇರುವ ಷರತ್ತು ದೊಡ್ಡದೇನಲ್ಲ. ಯಾವುದೇ ಪದವಿಯಲ್ಲಿ ಶೇಕಡ 50, ಮೀಸಲಾತಿ ಇದ್ದವರಿಗೆ 45, ಜೊತೆಗೊಂದು ಪ್ರವೇಶ ಪರೀಕ್ಷೆ. ಕನ್ನಡ ಸಾಹಿತ್ಯ ಓದಿದವನೂ ಬರಬಹುದು, ಇಂಜಿನಿಯರೂ ಬರಬಹುದು. ಇದು ಒಳ್ಳೆಯದೇ. ಒಳಗೆ ಹೋದರೆ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್, ಹಣಕಾಸು. ಇದರಲ್ಲಿ ಒಂದನ್ನೂ ಬೇಡ ಅನ್ನಲಾರೆ. ಬ್ಯಾಲೆನ್ಸ್ ಶೀಟ್ ಓದಲು ಬಾರದೆ ಸೊಸೈಟಿಯ ಮಹಾಸಭೆಯಲ್ಲಿ ಸುಮ್ಮನೆ ಕೈ ಎತ್ತುವವರನ್ನು ನಾನೇ ಎಷ್ಟೋ ನೋಡಿದ್ದೇನೆ, ಒಮ್ಮೊಮ್ಮೆ ಎತ್ತಿದ್ದೂ ಉಂಟು.

ನನ್ನ ತಕರಾರು ಕೊನೆಯ ಷರತ್ತಿನ ಮೇಲೆ, ಅಂದರೆ ಪ್ರಾಜೆಕ್ಟಿನ ಮೇಲೆ. ಎಷ್ಟು ಅಧ್ಯಾಯ, ಯಾವ ಅಕ್ಷರ, ಎಷ್ಟು ಅಂಚು, ಎಂಥ ಬೈಂಡು ಅಂತೆಲ್ಲ ಅದರಲ್ಲಿ ಬರೆದುಂಟು. ನಿನಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡ್ಕೊಂಡು ಬಾ ಅಂತ ಮಾತ್ರ ಎಲ್ಲೂ ಇಲ್ಲ.

ಮರುದಿನ ಹುಡುಗನನ್ನು ಅಟ್ಟಕ್ಕೆ ಹತ್ತಿಸಿದೆ. ಹೋದ ವರ್ಷದ ಚಾಲಿ ಅಡಿಕೆ ಗೋಣಿಯಲ್ಲಿ ಇತ್ತು.

"ಇದನ್ನು ಇನ್ನೂ ಯಾಕೆ ಮಾರಿಲ್ಲ?" ಅಂದ.

ಇಪ್ಪತ್ತು ಪ್ರಶ್ನೆಯ ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ ಅದು. ಉತ್ತರ ಹೇಳಲು ಅರ್ಧ ಗಂಟೆ ಬೇಕಾಯ್ತು. ಹೊಸ ಅಡಿಕೆಗಿಂತ ಹಳತಕ್ಕೆ ಸಾಮಾನ್ಯವಾಗಿ ಧಾರಣೆ ಜಾಸ್ತಿ. ಆದರೆ ಇಟ್ಟರೆ ಹುಳು ಹಿಡಿಯುವ ಭಯ, ತೂಕ ಇಳಿಯುತ್ತದೆ. ಮಗಳ ಮದುವೆಗೆ, ಆಸ್ಪತ್ರೆಗೆ, ಮಳೆಗಾಲದ ಬೋರ್ಡೋ ಸಿಂಪಡಣೆಯ ಕೂಲಿಗೆ ಬೇಕಾದಾಗ ಎರಡು ಗೋಣಿ ಇಳಿಸಿದರಾಯ್ತು. ನಮಗೆ ಈ ಅಟ್ಟವೇ ಬ್ಯಾಂಕು. ಕೆಲವರು ಮೊದಲೇ ವ್ಯಾಪಾರಿಯ ಹತ್ತಿರ ಮುಂಗಡ ತಂದಿರುತ್ತಾರೆ. ಅವರು ಧಾರಣೆ ಎಲ್ಲಿ ಜಾಸ್ತಿ ಅಂತ ನೋಡುವ ಹಾಗಿಲ್ಲ, ಅವನಿಗೇ ಕೊಡಬೇಕು. ಅಂಥವರು "ತೃಪ್ತಿ"ಯ ಯಾವ ಚೌಕಕ್ಕೆ ಟಿಕ್ ಹಾಕುವುದು?

ದಾಸ್ತಾನಿನ ಬಗ್ಗೆ ಹುಡುಗನಿಗೆ ಒಂದು ಸೂತ್ರ ಬಾಯಿಪಾಠ ಬರುತ್ತದೆ. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಬರೆದದ್ದು. ತರಿಸುವ ಖರ್ಚು, ಇಟ್ಟುಕೊಳ್ಳುವ ಖರ್ಚು ಎರಡನ್ನೂ ತೂಗಿ ಒಂದು ಸಲಕ್ಕೆ ಎಷ್ಟು ತರಿಸಬೇಕು ಅಂತ ಅದು ಹೇಳುತ್ತದೆ. ಸೂತ್ರ ತಪ್ಪಲ್ಲ. ಆದರೆ ಕೊಂಡು ಇಡುವ ಕಾರ್ಖಾನೆಯ ಲೆಕ್ಕ ಬೇರೆ, ಬೆಳೆದು ಇಡುವವನ ಲೆಕ್ಕ ಬೇರೆ. ಎಲ್ಲಿ ಬೇರೆ, ಯಾಕೆ ಬೇರೆ ಅಂತ ಬರೆದಿದ್ದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತಿತ್ತಲ್ಲವಾ?

ಇಂಥ ಪ್ರಶ್ನೆ ಕೇಳಿದವರಿಂದಲೇ ನಮ್ಮ ಜಿಲ್ಲೆಯ ವ್ಯವಹಾರ ಬೆಳೆದದ್ದು. ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕ್ಯಾಂಪ್ಕೊ ಕಟ್ಟಿದರು. ಆಮೇಲೆ ಕೊಕ್ಕೋ ಕೇಳುವವರಿಲ್ಲದೆ ಹೋದಾಗ ಅದೂ ಕೈಹಿಡಿದು, 1986ರಲ್ಲಿ ಪುತ್ತೂರಲ್ಲಿ ಚಾಕಲೇಟ್ ಕಾರ್ಖಾನೆ ಸುರುವಾಯ್ತು. ಅದಕ್ಕೂ ಮೊದಲು, 1928ರಲ್ಲಿ, ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೇ ಹೋದದ್ದು ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ. ಕಬಕದಿಂದ ಆ ಕಾರ್ಖಾನೆಗೆ ಬಸ್ಸಲ್ಲಿ ಎಷ್ಟು ಹೊತ್ತು? ಹುಡುಗ ಇನ್ನೂ ಒಳಗೆ ಹೋಗಿ ನೋಡಿಲ್ಲ. ಹೋಗಬೇಕು ಅಂತ ಯಾರೂ ಹೇಳಿಲ್ಲ.

ಇದು ಆಗದ ಮಾತಲ್ಲ. ಗುಜರಾತಿನ ಆಣಂದ್‌ನಲ್ಲಿ ಕುರಿಯನ್ 1979ರಲ್ಲಿ ಕಟ್ಟಿದ ಇರ್ಮಾದಲ್ಲಿ ಮ್ಯಾನೇಜ್‌ಮೆಂಟ್ ಕಲಿಯುವವರು ಹಳ್ಳಿಯಲ್ಲಿ ವಾಸ ಮಾಡಿ ಬರಬೇಕು. ಅದು ಕೋರ್ಸಿನದೇ ಒಂದು ಭಾಗ.

ಮೇಷ್ಟ್ರುಗಳ ಕಷ್ಟವೂ ಗೊತ್ತು. ಒಬ್ಬೊಬ್ಬರು ಅಷ್ಟು ರಿಪೋರ್ಟ್ ನೋಡಬೇಕು, ಅಂಚು ಅಳೆಯುವುದು ಸುಲಭ. ಹಾಗಾಗಿ ನಾನು ಕೇಳುವುದು ಸಣ್ಣದು. ನೂರು ಫಾರ್ಮು ಬೇಡ. ಒಂದು ಮನೆ, ಒಂದು ಅಂಗಡಿ ಅಥವಾ ಒಂದು ಸೊಸೈಟಿಯ ಒಂದು ವರ್ಷದ ಲೆಕ್ಕ ಸಾಕು. ಅದನ್ನು ಕನ್ನಡದಲ್ಲಿ ಬರೆದು ಆ ಮನೆಯವರ ಎದುರೇ ಓದಿ ಹೇಳಬೇಕು. ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ, ಬೇರೆ ಪರೀಕ್ಷಕರು ಬೇಡ.

ಹುಡುಗ ಕೇಳಿಸಿಕೊಂಡ. "ಸಬ್ಮಿಟ್ ಮಾಡ್ಲಿಕ್ಕೆ ಶುಕ್ರವಾರ ಲಾಸ್ಟ್ ಮಾವ" ಅಂದ. ನಾನು ಒಂದು ಫಾರ್ಮು ತುಂಬಿ ಕೊಟ್ಟೆ. ಈಗ ನಲ್ವತ್ತೊಂದು ಆಯ್ತು. ಹೋಗುವಾಗ ಮೆಟ್ಟಿಲಲ್ಲಿ ನಿಂತು, "ಆ ಮುಂಗಡದ ವಿಷಯ, ಅದಕ್ಕೆ ಬಡ್ಡಿ ಹೇಗೆ ಹಾಕುದು?" ಅಂತ ಕೇಳಿದ. ಶನಿವಾರ ಬಾ, ಹೇಳ್ತೇನೆ ಅಂದಿದ್ದೇನೆ.