ಓರೆ ಬಂಡೆಯ ಮೇಲೆ ಕಣ್ಣಿನ ಕೆಲಸ

ಮಾಗಡಿ ತಾಲ್ಲೂಕಿನ ಸಾವನದುರ್ಗದಲ್ಲಿ, ಕರಿಗುಡ್ಡ ಮತ್ತು ಬಿಳಿಗುಡ್ಡಗಳ ಮೈಯನ್ನು ಏರುವವರಿಗೆ ಕೈಬಲಕ್ಕಿಂತ ಕಣ್ಣಿನ ಪಳಗು ಹೆಚ್ಚು ಒದಗುತ್ತದೆ. ಶಿಲಾರೋಹಿಗಳು ಸ್ಲ್ಯಾಬ್ ಎಂದು ಕರೆಯುವ ಈ ಓರೆ ಬಂಡೆಗಳಲ್ಲಿ ಬೆರಳು ತೂರಿಸಲು ಬಿರುಕಾಗಲಿ ಹಿಡಿಯಲು ಅಂಚಾಗಲಿ ವಿರಳವಾದುದರಿಂದ, ಶೂಗಳ ರಬ್ಬರ್ ಅಟ್ಟೆಗೂ ಕಲ್ಲಿಗೂ ನಡುವಿನ ಘರ್ಷಣೆಯೇ ದೇಹವನ್ನು ತಡೆದು ನಿಲ್ಲಿಸಬೇಕಾಗುತ್ತದೆ. ರಾಮನಗರದ ಹಳೆಯ ಹೆಸರನ್ನೇ ಹೊತ್ತ, ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್‌ನ ಈ ಪಟ್ಟಿಯಲ್ಲಿ ಫೆಲ್ಡ್‌ಸ್ಪಾರ್ ಖನಿಜದ ದಪ್ಪ ಹರಳುಗಳಿದ್ದು, ಸುತ್ತಲಿನ ಕಲ್ಲು ಸವೆದಲ್ಲಿ ಅವು ತುಸು ಉಬ್ಬಿ ನಿಂತು ಕಾಲ್ಬೆರಳಿನ ತುದಿಗೆ ಆಸರೆಯಾಗುತ್ತವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹರಳುಗಳಿಗೆ ನೆರಳು ಮೂಡಿ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ನೆತ್ತಿಯ ಬಿಸಿಲಿನಲ್ಲಿ ಅದೇ ಬಂಡೆ ಬೋಳಾಗಿ ತೋರುತ್ತದೆ.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್, 1979ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಸುತ್ತಲಿನ ಜಗತ್ತು ಒಂದು ಜೀವಿಗೆ ಒದಗಿಸುವ ಕ್ರಿಯೆಯ ಅವಕಾಶಗಳನ್ನು ‘ಅಫೋರ್ಡೆನ್ಸ್’ ಎಂದು ಕರೆದು, ಕಣ್ಣು ಗ್ರಹಿಸುವುದು ಇವನ್ನೇ ಎಂದು ವಾದಿಸಿದರು. 1984ರಲ್ಲಿ ವಿಲಿಯಂ ವಾರೆನ್ ನಡೆಸಿದ ಪ್ರಯೋಗದಲ್ಲಿ, ಮೆಟ್ಟಿಲಿನ ಎತ್ತರವು ಕಾಲಿನ ಉದ್ದದ ಸುಮಾರು ಶೇ 88ನ್ನು ಮೀರಿದಾಗ ಅದು ಹತ್ತಲಾಗದ್ದೆಂದು ಎತ್ತರದವರೂ ಕುಳ್ಳರೂ ಬರಿಗಣ್ಣಿನಿಂದಲೇ ತೀರ್ಮಾನಿಸಿದ್ದರು. ಇಬ್ಬರು ಆರೋಹಿಗಳು ಒಂದೇ ಬಂಡೆಯಲ್ಲಿ ಬೇರೆ ಬೇರೆ ದಾರಿ ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಆದರೆ ದಾರಿಯನ್ನು ಗುರುತಿಸುವ ನೋಟವೂ ಪಾದವನ್ನು ನಡೆಸುವ ನೋಟವೂ ಒಂದೇ ಅಲ್ಲವೆಂಬ ವಾದವೂ ಇದೆ. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ 1992ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ, ಮಿದುಳಿನ ಹಿಂಭಾಗದಿಂದ ಹೊರಡುವ ಒಂದು ಹಾದಿ ವಸ್ತುವನ್ನು ಗುರುತಿಸಿದರೆ, ನೆತ್ತಿಯತ್ತ ಸಾಗುವ ಇನ್ನೊಂದು ಹಾದಿ ಅಂಗಾಂಗಗಳ ಚಲನೆಯನ್ನು ನಿಯಂತ್ರಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಮಿದುಳಿಗೆ ಪೆಟ್ಟಾಗಿದ್ದ ಅವರ ಒಬ್ಬ ರೋಗಿಗೆ, ಎದುರಿಗಿದ್ದ ಸೀಳುಗಂಡಿ ಯಾವ ಓರೆಯಲ್ಲಿದೆಯೆಂದು ಹೇಳಲಾಗದಿದ್ದರೂ, ಅದರೊಳಗೆ ಕಾರ್ಡನ್ನು ಸರಿಯಾಗಿ ತೂರಿಸಲು ಆಗುತ್ತಿತ್ತು. ಎರಡು ಹಾದಿಗಳು ಇಷ್ಟು ಬೇರೆಬೇರೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬೆಂಗಳೂರಿನ ಒಳಾಂಗಣ ಗೋಡೆಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಹಿಡಿಗಳು ಗುರುತಿಸುವ ಕೆಲಸವನ್ನು ಮೊದಲೇ ಮಾಡಿಕೊಟ್ಟಿರುವುದರಿಂದ, ಅಲ್ಲಿ ಕಲಿತವರು ಸಾವನದುರ್ಗದಲ್ಲಿ ಕೈಗೆ ಹಿಡಿ ಹುಡುಕುತ್ತಾ ತಲೆಯೆತ್ತಿಯೇ ಉಳಿಯುತ್ತಾರೆ. ಅಂಜಿ ಬಂಡೆಗೆ ಮೈಯೊತ್ತಿದರಂತೂ ಭಾರವು ಪಾದದ ಮೇಲಿಂದ ಸರಿದು ಘರ್ಷಣೆ ಕುಗ್ಗುವುದಲ್ಲದೆ, ಪಾದವೂ ಕಣ್ಣಿಗೆ ಮರೆಯಾಗುತ್ತದೆ. ಸೊಂಟವನ್ನು ಬಂಡೆಯಿಂದ ಹೊರಕ್ಕೆ ತಂದಾಗ ಭಾರ ಪಾದದ ಮೇಲೆ ನೆಟ್ಟಗೆ ಬೀಳುತ್ತದೆ, ಅದೇ ಭಂಗಿಯಲ್ಲಿ ಅಟ್ಟೆ ಹರಳಿಗೆ ತಾಗುವ ಕ್ಷಣದವರೆಗೂ ನೋಟವನ್ನು ಅಲ್ಲೇ ನೆಡಲು ಸಾಧ್ಯವಾಗುತ್ತದೆ.