‘ಶಾಶ್ವತವಾಗಿ ಅಳಿಸು’ ಎಂಬ ಮಾತಿನ ಪರೀಕ್ಷೆ

ಅಂಗಡಿಯ ಪುಸ್ತಕದಲ್ಲಿ ಖಾತೆ ಎಂಬ ಶಬ್ದಕ್ಕೆ ನಿಶ್ಚಿತವಾದ ಅರ್ಥವಿದೆ. ಖಾತೆಯನ್ನು ಮುಗಿಸುವುದೆಂದರೆ ಜಮಾ-ಖರ್ಚುಗಳನ್ನು ಕೂಡಿ, ಬಾಕಿಯನ್ನು ತೆಗೆದು, ಎದುರು ಪಕ್ಷದವರ ಪುಸ್ತಕದೊಡನೆ ತಾಳೆ ನೋಡಿ, ಕೊಡತಕ್ಕದ್ದನ್ನು ಕೊಟ್ಟು, ಬರತಕ್ಕದ್ದನ್ನು ಪಡೆದು ‘ಚುಕ್ತಾ’ ಎಂದು ಬರೆಯುವುದು. ಈ ಕ್ರಮದಲ್ಲಿ ಅಳಿಸುವ ಮಾತೇ ಇಲ್ಲ. ಪುಸ್ತಕದಲ್ಲಿ ಎಲ್ಲಿಯಾದರೂ ಅಳಿಸಿದ ಗುರುತು ಕಂಡರೆ ಲೆಕ್ಕ ಪರಿಶೋಧಕರು ಮೊದಲು ಬೆರಳಿಡುವುದು ಅಲ್ಲಿಯೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸಾಮಾಜಿಕ ಜಾಲತಾಣಗಳಿಗೂ ಖಾತೆ ಎಂಬ ನಮ್ಮ ಶಬ್ದವೇ ಅಂಟಿಕೊಂಡಿದೆ. ಆದರೆ ಅಲ್ಲಿ ಖಾತೆಯನ್ನು ಮುಗಿಸಬಯಸುವವನಿಗೆ ತಾಳೆ ನೋಡುವ ಪುಸ್ತಕವಿಲ್ಲ. ‘ಶಾಶ್ವತವಾಗಿ ಅಳಿಸು’ ಎಂಬರ್ಥದ ಒಂದು ಗುಂಡಿ ಮಾತ್ರವಿದೆ. ಒಂದು ಗ್ರಂಥದ ವಾಕ್ಯವನ್ನು ಪರಿಶೀಲಿಸುವಂತೆ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯವು ನಮ್ಮ ಮನೆಗಳಿಗೆ ದೂರವಾದುದಲ್ಲ. ವಿವಾಹ ನಿಶ್ಚಯವಾದ ಮಗಳು ಕಾಲೇಜಿನ ದಿನಗಳ ಚಿತ್ರಗಳನ್ನು ತೆಗೆಯಬಯಸುತ್ತಾಳೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಪ್ರತಿ ವರ್ಷವೂ ಹುಟ್ಟುಹಬ್ಬದ ಸೂಚನೆ ಬರುತ್ತಲೇ ಇರುತ್ತದೆ. ಬಸದಿಯ ಪುಟವನ್ನು ನಡೆಸುತ್ತಿದ್ದ ಯುವಕನು ಉದ್ಯೋಗ ನಿಮಿತ್ತ ಪರದೇಶಕ್ಕೆ ಹೋಗಿ, ಇನ್ನು ಈ ಗೊಡವೆಯೇ ಬೇಡವೆಂದು ತನ್ನ ಖಾತೆಯನ್ನು ಅಳಿಸಲು ಹೊರಡುತ್ತಾನೆ. ಇವರೆಲ್ಲರೂ ಆ ಗುಂಡಿಯನ್ನು ಒತ್ತಿ, ಅಲ್ಲಿ ಬರೆದ ಮಾತನ್ನು ನಂಬಿ ಮುಂದಿನ ಕೆಲಸಕ್ಕೆ ಹೋಗುವವರು.

ಮೊದಲನೆಯದಾಗಿ, ಎರಡು ಬೇರೆ ಕ್ರಿಯೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿರಿಸಿ ಜನರನ್ನು ಗೊಂದಲಗೊಳಿಸಲಾಗಿದೆ. ‘ಡೀಆಕ್ಟಿವೇಟ್’ ಎಂಬುದು ಅಂಗಡಿಯ ಬಾಗಿಲನ್ನು ಎಳೆದುಕೊಂಡ ಹಾಗೆ. ಒಳಗಿನ ಸರಕು ಇದ್ದ ಹಾಗೆಯೇ ಇರುತ್ತದೆ, ಪಾಸ್‌ವರ್ಡ್ ಹಾಕಿದೊಡನೆ ಬಾಗಿಲು ತೆರೆಯುತ್ತದೆ. ‘ಡಿಲೀಟ್’ ಎಂಬುದು ಬೇರೆ. ಇದನ್ನು ಆರಿಸಿಕೊಂಡ ಮೇಲೂ ಫೇಸ್‌ಬುಕ್ 30 ದಿನಗಳ ಕಾಲ ಕಾಯುತ್ತದೆ. ಆ ಅವಧಿಯಲ್ಲಿ ಬಳಕೆದಾರನು ಮತ್ತೆ ಪ್ರವೇಶಿಸಿದರೆ ತನ್ನ ಕೋರಿಕೆಯನ್ನು ಹಿಂತೆಗೆದುಕೊಳ್ಳಬಹುದು. ಈ ಅವಧಿ ಮೊದಲು 14 ದಿನಗಳಿದ್ದುದನ್ನು 2018ರಲ್ಲಿ 30ಕ್ಕೆ ಏರಿಸಲಾಯಿತು. ದುಡುಕಿ ನಿರ್ಧರಿಸಿದವರಿಗೆ ಇದು ಅನುಕೂಲವೆಂಬುದು ನಿಜ. ಆದರೆ ಆ ವರ್ಷ ಯಾವುದೆಂಬುದನ್ನು ನೆನೆದರೆ, ಆ ಅನುಕೂಲ ಯಾರಿಗೆ ಹೆಚ್ಚು ಎಂಬ ಪ್ರಶ್ನೆ ಏಳದಿರದು. ಕೇಂಬ್ರಿಜ್ ಅನಲಿಟಿಕಾ ಪ್ರಕರಣದಿಂದ ಬೇಸತ್ತು ಜನರು ಖಾತೆಗಳನ್ನು ಅಳಿಸುತ್ತಿದ್ದ ವರ್ಷವದು. ಹಿಂದೆ, ಬಿಟ್ಟುಹೋಗಲು ಹೊರಟವನ ಮುಂದೆ ಅವನ ಮಿತ್ರರ ಭಾವಚಿತ್ರಗಳನ್ನಿರಿಸಿ, ಇವರೆಲ್ಲ ನಿಮ್ಮನ್ನು ನೆನೆದು ಕೊರಗುವರು ಎಂದು ತೋರಿಸುವ ಪದ್ಧತಿಯೂ ಇತ್ತು. ಆ ಮಿತ್ರರಿಗೆ ತಮ್ಮ ಹೆಸರಿನಲ್ಲಿ ಇಂತಹ ಕೊರಗನ್ನು ತೋಡಿಕೊಳ್ಳಲಾಗಿದೆ ಎಂಬುದು ಗೊತ್ತೇ ಇರುತ್ತಿರಲಿಲ್ಲ. ಗ್ರಾಹಕನನ್ನು ನಾಚಿಸಿ ತಡೆಯುವುದನ್ನು ಭಾರತ ಸರ್ಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಹದಿಮೂರು ವಂಚಕ ವಿನ್ಯಾಸಗಳ ಪೈಕಿ ಒಂದೆಂದು ಪರಿಗಣಿಸಿದೆ.

30 ದಿನಗಳು ಕಳೆದವೆನ್ನೋಣ. ಕಂಪನಿಯ ವಿವರಣೆಯ ಪ್ರಕಾರವೇ, ಅಳಿಸುವ ಕಾರ್ಯ ಪೂರ್ಣಗೊಳ್ಳಲು ಪ್ರಾರಂಭದಿಂದ 90 ದಿನಗಳವರೆಗೆ ಬೇಕಾಗಬಹುದು. ಅದರ ನಂತರವೂ ಆಪತ್ಕಾಲಕ್ಕೆಂದು ಇಟ್ಟ ಪ್ರತಿಗಳಲ್ಲಿ ಮಾಹಿತಿ ಉಳಿದಿರಬಹುದು. ಕಾನೂನಿನ ವ್ಯವಹಾರಗಳಿಗಾಗಿ ಕೆಲವನ್ನು ಉಳಿಸಿಕೊಳ್ಳಬಹುದು. ನಾವು ಇತರರಿಗೆ ಕಳುಹಿಸಿದ ಸಂದೇಶಗಳು ಅವರ ಪೆಟ್ಟಿಗೆಯಲ್ಲಿಯೇ ಇರುತ್ತವೆ. ಇತರರು ತಮ್ಮ ಫೋನಿನ ವಿಳಾಸಪಟ್ಟಿಯನ್ನು ಒಪ್ಪಿಸಿದಾಗ ಅದರೊಡನೆ ಹೋದ ನಮ್ಮ ಸಂಖ್ಯೆಯು ನಮ್ಮ ಖಾತೆಯ ಭಾಗವೇ ಅಲ್ಲವಾದುದರಿಂದ, ಖಾತೆ ಅಳಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಇವೆಲ್ಲವನ್ನೂ ಅವರು ಎಲ್ಲಿಯೋ ಒಂದು ಕಡೆ ಬರೆದೇ ಇದ್ದಾರೆ. ಗುಂಡಿಯ ಮೇಲೆ ಮಾತ್ರ ‘ಶಾಶ್ವತ’ ಎಂದಿದೆ.

ಇಲ್ಲಿ ವಾಚಕರಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಸತ್ಯಾಣುವ್ರತದ ಐದು ಅತಿಚಾರಗಳು ನೆನಪಾಗಬಹುದು. ಅವುಗಳಲ್ಲಿ ನಾಲ್ಕನೆಯದು ನ್ಯಾಸಾಪಹಾರ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸಲು ಕೊಡುವ ಸಂದರ್ಭ ತೀರ ವ್ಯಾವಹಾರಿಕವಾದುದು. ಒಬ್ಬನು ಇನ್ನೊಬ್ಬನಲ್ಲಿ ಚಿನ್ನ ಮೊದಲಾದ ದ್ರವ್ಯವನ್ನು ಇರಿಸಿರುತ್ತಾನೆ. ಕಾಲಾಂತರದಲ್ಲಿ ಎಷ್ಟು ಇರಿಸಿದ್ದೆನೆಂಬ ಲೆಕ್ಕ ಅವನಿಗೆ ಮರೆತುಹೋಗಿ, ಇರಿಸಿದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದೆಂದು ಸಮ್ಮತಿಸುತ್ತಾನೆ. ದೋಷವಿರುವುದು ಆ ಸಮ್ಮತಿಯ ಮಾತಿನಲ್ಲಿ. ಪರದ್ರವ್ಯವು ಉಳಿದುಕೊಂಡಿತಾದುದರಿಂದ ಇದನ್ನು ಅಚೌರ್ಯಾಣುವ್ರತದ ಕೆಳಗೆ ಸೇರಿಸಬೇಕಿತ್ತಲ್ಲವೇ ಎಂದು ಬಿ.ಕಾಂ. ಓದಿದ ನನ್ನಂತಹವನಿಗೆ ಮೊದಲು ತೋರುವುದು ಸಹಜ. ಸೂತ್ರಕಾರರು ಅದನ್ನು ಸತ್ಯದ ಕೆಳಗೆ ಇರಿಸಿದ್ದಾರೆ. ಕೈ ಏನನ್ನೂ ಕದ್ದಿಲ್ಲ. ಇರಿಸಿದವನ ವಿಸ್ಮೃತಿಗೆ ನಾಲಿಗೆ ಹೂಂಗುಟ್ಟಿದೆ.

ಜಾಲತಾಣದ ಬಳಕೆದಾರನ ಸ್ಥಿತಿ ಇದೇ. ಹತ್ತು ಹದಿನೈದು ವರ್ಷಗಳಲ್ಲಿ ತಾನು ಏನೇನನ್ನು ಇರಿಸಿದ್ದೇನೆಂಬ ಸಂಖ್ಯೆ ಅವನಿಗೆ ತಿಳಿಯದು. ಚಿತ್ರಗಳು, ಸಂದೇಶಗಳು ಎಂದಷ್ಟೇ ನೆನಪು. ಎಷ್ಟು ಇರಿಸಲಾಗಿತ್ತೆಂಬುದನ್ನು ಎಣಿಸಿ ನೋಡುವ ಸಾಹಸವನ್ನು 2011ರಲ್ಲಿ ಆಸ್ಟ್ರಿಯಾ ದೇಶದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ಮಾಡಿದರು. ತಮ್ಮ ಬಗೆಗೆ ಇರುವ ಎಲ್ಲ ಮಾಹಿತಿಯನ್ನೂ ಕೊಡಬೇಕೆಂದು ಐರೋಪ್ಯ ಕಾನೂನಿನ ಆಧಾರದಿಂದ ಫೇಸ್‌ಬುಕ್ಕನ್ನು ಕೇಳಿದಾಗ ಅವರಿಗೆ ಒಂದು ಸಿ.ಡಿ. ಬಂದಿತು; ಅದರಲ್ಲಿ 1,200ಕ್ಕೂ ಹೆಚ್ಚು ಪುಟಗಳಿದ್ದವು. ತಾವು ಅಳಿಸಿದ್ದೇವೆಂದು ತಿಳಿದಿದ್ದ ಸಂದೇಶಗಳೂ ಆ ಪುಟಗಳಲ್ಲಿ ಇದ್ದವು. ಕಂಪನಿಯ ಐರೋಪ್ಯ ಕಚೇರಿ ಐರ್ಲೆಂಡಿನಲ್ಲಿ ಇದ್ದುದರಿಂದ ಅವರು ಅಲ್ಲಿಯ ದತ್ತಾಂಶ ಸಂರಕ್ಷಣಾ ಆಯುಕ್ತರಲ್ಲಿ ಸಾಲು ಸಾಲಾಗಿ ದೂರುಗಳನ್ನು ದಾಖಲಿಸಿದರು. ಇಪ್ಪತ್ತನಾಲ್ಕರ ಆಸುಪಾಸಿನ ಆ ತರುಣನು ಮಾಡಿದ್ದಿಷ್ಟೇ: ಮರೆತ ಸಂಖ್ಯೆಯನ್ನು ಇಟ್ಟುಕೊಂಡವನ ಬಾಯಿಂದಲೇ ಹೇಳಿಸಿದ್ದು. ಖಾತೆಯನ್ನು ಅಳಿಸುವ ಮುನ್ನ ತನ್ನ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಇಂದು ಫೇಸ್‌ಬುಕ್ಕಿನಲ್ಲಿಯೇ ಇದೆ. ಆತುರದಲ್ಲಿ ಗುಂಡಿಯೊತ್ತುವವರು ಇದನ್ನು ಬಿಟ್ಟುಬಿಡುತ್ತಾರೆ. ಒಮ್ಮೆ ಅಳಿಸುವಿಕೆ ಆರಂಭವಾದ ಮೇಲೆ ತಾಳೆ ನೋಡಲು ಅವರ ಕೈಯಲ್ಲಿ ಪುಸ್ತಕವೇ ಇರುವುದಿಲ್ಲ.

ಸೂತ್ರದಲ್ಲಿ ನ್ಯಾಸಾಪಹಾರದ ಮುಂದೆಯೇ ಬರುವುದು ಸಾಕಾರಮಂತ್ರಭೇದ. ಮುಖಭಾವ, ಹುಬ್ಬಿನ ಚಲನೆ, ಸಂದರ್ಭ ಮುಂತಾದವುಗಳಿಂದ ಇನ್ನೊಬ್ಬನ ಮನಸ್ಸಿನ ಇಂಗಿತವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಹೊರಗೆಡಹುವುದು. ಇದು ಇರಿಸಿದ ವಸ್ತುವಿನ ಮಾತಲ್ಲ, ಇರಿಸದೆಯೇ ತಿಳಿದುಕೊಂಡ ವಿಷಯದ ಮಾತು. ನಾವು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆವು, ರಾತ್ರಿ ಎಷ್ಟು ಗಂಟೆಗೆ ಫೋನು ತೆರೆದೆವು ಎಂಬುದರಿಂದ ನಮ್ಮ ಒಲವನ್ನು ಊಹಿಸಿ ಜಾಹೀರಾತುದಾರರ ಉಪಯೋಗಕ್ಕೆ ಒದಗಿಸುವ ಉದ್ಯಮವೇ ಈ ತಾಣಗಳ ಜೀವಾಳ. ಅಲ್ಲಿ ಅಸೂಯೆಯಿಲ್ಲ, ಲಾಭವಿದೆ. ವ್ಯಾಖ್ಯಾನವನ್ನು ಅಷ್ಟರಮಟ್ಟಿಗೆ ಹಿಗ್ಗಿಸಿಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಮಾರ್ಕ್ ಝುಕರ್‌ಬರ್ಗ್ ಅವರು, ತಮ್ಮಲ್ಲಿ ಖಾತೆಯೇ ಇಲ್ಲದವರ ಮಾಹಿತಿಯನ್ನು ಕೂಡ ಭದ್ರತೆಯ ಕಾರಣಕ್ಕಾಗಿ ಸಂಗ್ರಹಿಸುವುದುಂಟೆಂದು ಒಪ್ಪಿಕೊಂಡರು. ಖಾತೆಯಿಲ್ಲದವನು ಯಾವ ಗುಂಡಿಯನ್ನು ಒತ್ತಬೇಕು?

ಅಳಿಸಿದೆನೆಂಬ ಮಾತಿಗೆ ಪ್ರಮಾಣಪತ್ರ ಪಡೆದರೂ ಏನಾಗಬಹುದೆಂಬುದಕ್ಕೆ ಕೇಂಬ್ರಿಜ್ ಅನಲಿಟಿಕಾ ನಿದರ್ಶನವಾಗಿದೆ. ಒಂದು ಪ್ರಶ್ನಾವಳಿಯ ಮೂಲಕ ಹೊರಹೋದ ಮಾಹಿತಿಯನ್ನು ಅಳಿಸಬೇಕೆಂದು ಫೇಸ್‌ಬುಕ್ 2015ರಲ್ಲಿಯೇ ಹೇಳಿ, ಅಳಿಸಿದ್ದೇವೆಂಬ ದೃಢೀಕರಣವನ್ನೂ ಪಡೆದಿತ್ತು. ಎಲ್ಲವೂ ಅಳಿದಿಲ್ಲವೆಂಬ ವರದಿಗಳು 2018ರ ಮಾರ್ಚ್‌ನಲ್ಲಿ ಬಂದವು. ಬಾಧಿತರ ಸಂಖ್ಯೆ 8.7 ಕೋಟಿಯವರೆಗೆ ಇರಬಹುದೆಂದು ಆ ಬಳಿಕ ಫೇಸ್‌ಬುಕ್ ತಾನೇ ಹೇಳಿತು; ಅವರಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಭಾರತೀಯರು. ಬಳಕೆದಾರನು ಕಂಪನಿಯ ಮಾತನ್ನು ನಂಬುವಂತೆಯೇ ಕಂಪನಿಯೂ ಇನ್ನೊಬ್ಬರ ಮಾತನ್ನು ನಂಬಿ ಕುಳಿತಿತ್ತು. ಸರಪಳಿಯ ಯಾವ ಕೊಂಡಿಯಲ್ಲಿಯೂ ತಾಳೆ ನೋಡಿದವರಿಲ್ಲ.

ಹಾಗೆಂದು ಉಳಿಸಿಕೊಳ್ಳುವುದೆಲ್ಲವೂ ದೋಷವೆಂದು ಹೇಳುವುದು ವ್ಯಾಪಾರಿಯಾದ ನನಗೆ ಸಾಧ್ಯವಿಲ್ಲ. ಕಂಪನಿಗಳ ಅಧಿನಿಯಮದಂತೆ ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಇರಿಸಲೇಬೇಕು. ಗಿರಾಕಿ ಬಂದು ನನ್ನ ಹೆಸರನ್ನು ತೆಗೆಯಿರಿ ಎಂದರೆ ತೆಗೆಯಲಾಗದು. ನಮ್ಮ ದೇಶದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಕೂಡ, ನೋಂದಣಿಯನ್ನು ರದ್ದುಪಡಿಸಿದ ಬಳಕೆದಾರನ ನೋಂದಣಿ ವಿವರಗಳನ್ನು 180 ದಿನಗಳ ಕಾಲ ಉಳಿಸಿಕೊಳ್ಳಬೇಕೆಂದು ಜಾಲತಾಣಗಳಿಗೆ ವಿಧಿಸಿವೆ. ಅಪರಾಧದ ತನಿಖೆಗೆ ಅದು ಅವಶ್ಯವಾಗಬಹುದು. ನನ್ನ ಆಕ್ಷೇಪ ಮಾತಿನ ಬಗೆಗೆ. ಉಳಿಯುವುದನ್ನು ಉಳಿಯುತ್ತದೆಂದು, ಗುಂಡಿಯ ಪಕ್ಕದಲ್ಲಿಯೇ, ಅಳಿಸುವ ಮುನ್ನವೇ ಹೇಳಬೇಕು.

ಹಾಗೆ ಹೇಳುವುದು ಸಾಧ್ಯವೆಂಬುದಕ್ಕೆ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ 2017ರ ಜನವರಿಯ ಒಂದು ಆದೇಶದಲ್ಲಿ ಮಾದರಿಯನ್ನು ಒದಗಿಸಿದೆ. ಹಿಂದಿನ ಒಂದು ಪ್ರಕರಣದ ಆದೇಶದಲ್ಲಿ ತನ್ನ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣುತ್ತಿದೆ, ಅದರಿಂದ ಅವಳ ಸಂಸಾರಕ್ಕೂ ಸಮಾಜದಲ್ಲಿನ ಮಾನಕ್ಕೂ ಕುಂದು ಬರುವ ಭಯವಿದೆ ಎಂದು ತಂದೆಯೊಬ್ಬರು ಮೊರೆಯಿಟ್ಟಿದ್ದರು. ಹುಡುಕಾಟದಲ್ಲಿ ಹೆಸರು ಕಾಣದಂತೆ ಕ್ರಮ ಕೈಗೊಳ್ಳಬೇಕೆಂದು ನ್ಯಾಯಾಲಯವು ತನ್ನ ಕಚೇರಿಗೆ ಸೂಚಿಸಿತು. ಅದೇ ಆದೇಶದಲ್ಲಿ, ನ್ಯಾಯಾಲಯದ ಸ್ವಂತ ತಾಣದಲ್ಲಿ ಹೆಸರನ್ನು ಮರೆಮಾಡಬೇಕಾಗಿಲ್ಲವೆಂದೂ, ದೃಢೀಕೃತ ನಕಲು ಕೇಳಿದವರಿಗೆ ಹೆಸರು ಕಾಣುವುದೆಂದೂ ಸ್ಪಷ್ಟಪಡಿಸಿತು. ಆ ತಂದೆಗೆ ಬಯಸಿದ್ದೆಲ್ಲವೂ ದೊರೆಯಲಿಲ್ಲ. ದೊರೆತದ್ದೆಷ್ಟು, ದೊರೆಯದ್ದೆಷ್ಟು ಎಂಬುದು ಮಾತ್ರ ಆ ದಿನವೇ ತಿಳಿಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ, ಮುಖ್ಯವಾದ ವಿಧಿಗಳ ಪಾಲನೆಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಈ ಕಾನೂನಿನಲ್ಲಿ ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸಿದ್ದು ಒಂದು ಶಬ್ದ. ಮಾಹಿತಿಯನ್ನು ಪಡೆದು ಬಳಸುವ ಸಂಸ್ಥೆಯನ್ನು ಅದು ಮಾಲೀಕನೆಂದು ಕರೆದಿಲ್ಲ. ‘ಫಿಡ್ಯೂಷಿಯರಿ’ ಎಂದು ಕರೆದಿದೆ. ಇನ್ನೊಬ್ಬರ ವಸ್ತುವನ್ನು ಅವರ ಹಿತಕ್ಕಾಗಿ, ವಿಶ್ವಾಸದ ಮೇಲೆ ಇಟ್ಟುಕೊಂಡವನೆಂದು ಅದರ ಭಾವ. ನ್ಯಾಸವೆಂಬ ನಮ್ಮ ಶಬ್ದಕ್ಕೆ ಇದು ಬಹು ಸಮೀಪ.

ಈ ಶಬ್ದವು ದೂರದ ಕಂಪನಿಗಳನ್ನು ಮಾತ್ರ ಕಟ್ಟಿಹಾಕುತ್ತದೆಂದು ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಭಾವಿಸಬಾರದು. ದಾನಿಗಳ ಮೊಬೈಲ್ ಸಂಖ್ಯೆಗಳು, ಅಭಿಷೇಕದ ಸೇವಾಕರ್ತರ ವಿಳಾಸಗಳು, ಪಾಠಶಾಲೆಯ ಮಕ್ಕಳ ನೃತ್ಯದ ಚಿತ್ರಗಳು ಎಲ್ಲವೂ ನಮ್ಮಲ್ಲಿಯೂ ನ್ಯಾಸವಾಗಿ ಇವೆ. ಬಹುತೇಕ ಕಡೆಗಳಲ್ಲಿ ಬಸದಿಯ ಫೇಸ್‌ಬುಕ್ ಪುಟವನ್ನು ಯಾವನೋ ಉತ್ಸಾಹಿ ಯುವಕನು ತನ್ನ ಸ್ವಂತ ಖಾತೆಯಿಂದ ತೆರೆದಿರುತ್ತಾನೆ. ಪುಟಕ್ಕೆ ಅವನೊಬ್ಬನೇ ನಿರ್ವಾಹಕನಾಗಿದ್ದು, ಅವನು ತನ್ನ ಖಾತೆಯನ್ನು ಶಾಶ್ವತವಾಗಿ ಅಳಿಸಿದರೆ ಪುಟವೂ ಅದರೊಡನೆ ಅಳಿದುಹೋಗುತ್ತದೆ. ಪಂಚಕಲ್ಯಾಣದ ಹತ್ತು ವರ್ಷಗಳ ಚಿತ್ರಗಳು ಹಾಗೆ ಹೋದರೆ ಯಾರಲ್ಲಿ ಕೇಳುವುದು? ಆದುದರಿಂದ ಪುಟದ ಪೂರ್ಣಾಧಿಕಾರವು ಕನಿಷ್ಠ ಇಬ್ಬರಲ್ಲಿರುವಂತೆ ಮಂಡಳಿಯು ಠರಾವು ಮಾಡಿ, ಚಿತ್ರಗಳ ಪ್ರತಿಯನ್ನು ಬಸದಿಯ ಕಚೇರಿಯಲ್ಲಿ ಬೇರೆಯಾಗಿ ಇರಿಸತಕ್ಕದ್ದು. ತೀರಿಕೊಂಡವರ ವಿಷಯದಲ್ಲಿಯೂ, ಜೀವಂತರಿರುವಾಗಲೇ ಒಬ್ಬ ಉತ್ತರಾಧಿಕಾರಿಯನ್ನು ಹೆಸರಿಸುವ ಅಥವಾ ಮರಣಾನಂತರ ಖಾತೆ ಅಳಿಯಲಿ ಎಂದು ಸೂಚಿಸುವ ವ್ಯವಸ್ಥೆ ಫೇಸ್‌ಬುಕ್ಕಿನಲ್ಲಿದೆ. ಹಿರಿಯರಿಗೆ ಮನೆಯ ಮಕ್ಕಳು ಇದನ್ನು ತೋರಿಸಿಕೊಡಬಹುದು.

ಇನ್ನು, ಒಂದು ಕುಟುಂಬದವರು ಬಂದು, ನಮ್ಮ ಹುಡುಗಿಯ ಚಿತ್ರವನ್ನು ನಿಮ್ಮ ಪುಟದಿಂದ ತೆಗೆಯಿರಿ ಎಂದು ಕೇಳಿದರೆ ಕಾರ್ಯದರ್ಶಿಗಳು ‘ಆಯಿತು, ತೆಗೆದಿದ್ದೇವೆ’ ಎಂಬ ಒಂದು ಮಾತಿನಲ್ಲಿ ಅವರನ್ನು ಕಳುಹಿಸಿಬಿಡುವುದು ಸಾಮಾನ್ಯ. ಅವರು ಬರೆದು ಕೊಡಬೇಕಾದ ಉತ್ತರ ಹೀಗಿರಬೇಕು: ಪುಟದಲ್ಲಿದ್ದ ಚಿತ್ರವನ್ನು ಇಂತಹ ದಿನ ತೆಗೆಯಲಾಗಿದೆ; ವಾಟ್ಸ್‌ಆ್ಯಪ್ ಬಳಗಗಳಲ್ಲಿ ಈಗಾಗಲೇ ಹಂಚಿಹೋಗಿರುವ ಪ್ರತಿಗಳು ನಮ್ಮ ಅಧೀನದಲ್ಲಿಲ್ಲ, ಅವನ್ನು ತೆಗೆಯುವಂತೆ ಸದಸ್ಯರಲ್ಲಿ ವಿನಂತಿಸಿದ್ದೇವೆ; ಛಾಯಾಗ್ರಾಹಕರಲ್ಲಿ ಮೂಲಪ್ರತಿ ಇದೆ, ಅವರಿಗೂ ತಿಳಿಸಲಾಗಿದೆ; ಸ್ಮರಣ ಸಂಚಿಕೆಯ ಇಂತಿಷ್ಟು ಪ್ರತಿಗಳಲ್ಲಿ ಈ ಚಿತ್ರವು ಇಂತಹ ಪುಟದಲ್ಲಿ ಅಚ್ಚಾಗಿದೆ, ಅವುಗಳಲ್ಲಿ ಹಂಚದೆ ಉಳಿದಿರುವವು ಕಚೇರಿಯ ಕಪಾಟಿನಲ್ಲಿವೆ, ತಾವು ಬಂದು ನೋಡಬಹುದು.