ಪದ್ಯ ಕೇಳಿಸದ ಕುರುಕ್ಷೇತ್ರ

ಸಿ.ಎಸ್. ಪುರ ಹೋಬಳಿಯಿರಲಿ, ಗುಬ್ಬಿ, ಕುಣಿಗಲ್, ತುರುವೇಕೆರೆ ಸೀಮೆಯಿರಲಿ, ಬೇಸಿಗೆ ಬಂತೆಂದರೆ ಪೌರಾಣಿಕ ನಾಟಕದ ಕಾಲ. ‘ದಾನಶೂರ ಕರ್ಣ’, ‘ದಕ್ಷಯಜ್ಞ’ ಎಲ್ಲವೂ ಉಂಟು, ಆದರೆ ದೊಡ್ಡ ನಾಟಕವೆಂದರೆ ‘ಕುರುಕ್ಷೇತ್ರ’ವೇ. ರೈತರು, ಅಂಗಡಿಯವರು, ಆಟೋ ಓಡಿಸುವವರು, ಸರ್ಕಾರಿ ನೌಕರರು ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ಪ್ರಾಕ್ಟೀಸಿಗೆ ಕೂರುತ್ತಾರೆ. ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಹಾಕುತ್ತಾರೆ. ಸೀನರಿ, ಡ್ರೆಸ್ಸು, ಲೈಟು, ಸೌಂಡು ಬಾಡಿಗೆಗೆ ಬರುತ್ತವೆ. ಮರುದಿನ ಹೋಟೆಲಿನಲ್ಲಿ, ಅರಳಿಕಟ್ಟೆಯಲ್ಲಿ ನಡೆಯುವ ಚರ್ಚೆಯೆಲ್ಲ ದುರ್ಯೋಧನನ ಠೀವಿ, ಭೀಮನ ಅಬ್ಬರ, ಕೃಷ್ಣನ ಕಂಠದ ಮೇಲೆ. ಸೌಂಡಿನ ಮಾತು ಬರುವುದು ಮೈಕ್ ಕೈಕೊಟ್ಟಾಗ ಮಾತ್ರ. ಪತ್ರಿಕೆಗಳ ವರದಿಯಲ್ಲಂತೂ ಬರುವುದೇ ಇಲ್ಲ.

ಈ ನಾಟಕವನ್ನು ಜನ ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಯುದ್ಧದಲ್ಲಿ ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತು. ಬೆಳಗಿನವರೆಗೆ ಕೂರುವುದು ಪದ್ಯಕ್ಕಾಗಿ: ಪದ ಬಿಡಿಸಿ ಹೇಳುವ ರೀತಿಗಾಗಿ, ರಾಗ ಏರುವ ಪರಿಗಾಗಿ, ಕೊನೆಯ ಸಾಲಿನ ಆಲಾಪಕ್ಕಾಗಿ, ಆಮೇಲೆ ಏಳುವ ‘ಒನ್ಸ್ ಮೋರ್’ಗಾಗಿ. ಆ ಪದ್ಯವೇ ಈಚಿನ ಪ್ರಯೋಗಗಳಲ್ಲಿ ಕಳೆದುಹೋಗುತ್ತಿದೆ. ಹಾರ್ಮೋನಿಯಂ ಕೇಳುತ್ತದೆ, ಕೀಬೋರ್ಡ್ ಕೇಳುತ್ತದೆ, ರಿದಂ ಪ್ಯಾಡ್ ಎದೆಗೇ ಬಡಿಯುತ್ತದೆ, ನಟನ ಗಂಟಲೂ ಕೇಳುತ್ತದೆ. ಆದರೆ ಒಂದೊಂದೂ ಒಂದೊಂದು ದಿಕ್ಕಿನಿಂದ ಬಂದಂತೆ ಕೇಳುತ್ತದೆ. ಎಲ್ಲ ಸೇರಿ ಒಂದು ಸಂಗೀತವಾಗುವುದಿಲ್ಲ.

ಒಂದಾಗುವ ಕೆಲಸ ಮಿಕ್ಸರಿಗೆ ಬರುವ ಮೊದಲು ಹಾರ್ಮೋನಿಯಂ ಮೇಷ್ಟ್ರ ಬೆರಳಲ್ಲಿ ಶುರುವಾಗುತ್ತದೆ. ಪದ್ಯ ಕಲಿಸುವವರು, ನಾಟಕ ಕೂರಿಸುವವರು, ರಂಗದ ಮುಂದೆ ಕೂತು ನಡೆಸುವವರು ಅವರೇ. ಗಂಡು ಪಾತ್ರಗಳು ಅವರ ಕಿವಿಯ ಕೆಳಗೇ ತಯಾರಾಗುತ್ತವೆ. ದ್ರೌಪದಿ, ಕುಂತಿ, ಉತ್ತರೆ ಪಾತ್ರದ ಕಲಾವಿದೆಯರು ಸಾಮಾನ್ಯವಾಗಿ ಬೇರೆ ಊರಿನಿಂದ ನಾಟಕದ ದಿನವೇ ಬರುತ್ತಾರೆ. ಕಷ್ಟ ಇಲ್ಲಿದೆ. ಗಂಡಸರ ಪದ್ಯಕ್ಕೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು, ಅಂದರೆ ಕಪ್ಪು ಒಂದನ್ನು, ಷಡ್ಜವಾಗಿ ಹಿಡಿದಿದ್ದಾರೆ ಎನ್ನೋಣ. ಅದರ ಮಧ್ಯಮ ಕಪ್ಪು ಮೂರು, ಪಂಚಮ ಕಪ್ಪು ನಾಲ್ಕು. ಕುಂತಿಗೆ ಕಪ್ಪು ಮೂರನ್ನು ಷಡ್ಜವಾಗಿ ಕೊಟ್ಟರೆ ಕರ್ಣನ ಷಡ್ಜ ಅವಳಿಗೆ ಪಂಚಮವಾಗುತ್ತದೆ. ಕಪ್ಪು ನಾಲ್ಕು ಕೊಟ್ಟರೆ ಮಧ್ಯಮವಾಗುತ್ತದೆ. ಎರಡರಲ್ಲಿ ಯಾವುದಾದರೂ ತಾಯಿ ಮಗನ ಸಂವಾದ ಶ್ರುತಿ ಬದಲಿಸಿಯೂ ಒಂದೇ ಉಸಿರಿನಲ್ಲಿ ಸಾಗುತ್ತದೆ. ಕಪ್ಪು ಮೂರಾದರೆ ಕಪ್ಪು ಒಂದಕ್ಕೆ ಕೂಡಿಸಿದ ತಬಲವನ್ನೂ ಬದಲಿಸಬೇಕಿಲ್ಲ. ಹಾಗಲ್ಲದೆ ಬಿಳಿ ಐದು ಹಿಡಿದರೆ ಕರ್ಣನ ಷಡ್ಜ ಕುಂತಿಗೆ ಪ್ರತಿ ಮಧ್ಯಮವಾಗಿ ನಿಲ್ಲುತ್ತದೆ. ಕೇಳುವವನಿಗೆ ಕಾರಣ ಗೊತ್ತಾಗದಿದ್ದರೂ ದೃಶ್ಯ ಮುರಿದದ್ದು ಗೊತ್ತಾಗುತ್ತದೆ. ಅನುಭವಿ ಮೇಷ್ಟ್ರು ಕಲಾವಿದೆ ಬಣ್ಣ ಹಚ್ಚಿಕೊಳ್ಳುವ ಹೊತ್ತಿನಲ್ಲೇ ಚೌಕಿಗೆ ಹೋಗಿ ಎರಡು ಸಾಲು ಹಾಡಿಸಿ ಶ್ರುತಿ ಗೊತ್ತುಮಾಡಿಕೊಳ್ಳುತ್ತಾರೆ. ಆ ಎರಡು ನಿಮಿಷ ಮಾಡುವ ಕೆಲಸವನ್ನು ಯಾವ ಯಂತ್ರವೂ ಆಮೇಲೆ ಮಾಡಿಕೊಡಲಾರದು.

ಎರಡನೆಯದು ಜಾಗದ ಪ್ರಶ್ನೆ. ಹಿಂದೆ ರಂಗದ ಮುಂಭಾಗದಲ್ಲಿ ಮೂರೋ ನಾಲ್ಕೋ ಮೈಕ್‌ಗಳನ್ನು ಮೇಲಿಂದ ತೂಗಿಬಿಡುತ್ತಿದ್ದರು. ಹಲವು ಕಡೆ ಈಗಲೂ ಹಾಗೆಯೇ. ನಟ ಪದ್ಯಕ್ಕೆ ಮುಂದೆ ಬರುತ್ತಾನೆ, ಮಾತಿಗೆ ಹಿಂದೆ ಸರಿಯುತ್ತಾನೆ. ಮೈಕಿನಿಂದ ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಹಾಗಾಗಿ ಹಳಬರು ಮೈಕಿನ ಅಳತೆಯನ್ನು ಹೆಜ್ಜೆಯಲ್ಲೇ ಕಲಿತಿದ್ದರು. ಆ ಮೈಕಿಗೆ ನಟನ ಕಂಠದ ಜೊತೆ ಹಾರ್ಮೋನಿಯಂ, ತಬಲ, ಗೆಜ್ಜೆ, ಹಲಗೆಯ ಮೇಲಿನ ಹೆಜ್ಜೆ ಎಲ್ಲವೂ ಅಷ್ಟಷ್ಟು ಸೇರಿಕೊಳ್ಳುತ್ತಿದ್ದವು. ಸ್ಪಷ್ಟತೆ ಕಡಿಮೆ, ನಿಜ. ಆದರೆ ಎಲ್ಲವೂ ಒಂದೇ ರಂಗದ ಮೇಲಿವೆ ಎಂದು ಕಿವಿ ಒಪ್ಪುತ್ತಿತ್ತು. ಈಗ ಕೆನ್ನೆಗೆ ಅಂಟಿಸುವ ಮೈಕ್ ಬಂದಿದೆ. ಕಂಠ ತೀರ ಹತ್ತಿರದಿಂದ ಬರುತ್ತದೆ, ಉಸಿರೂ ಕೇಳುತ್ತದೆ. ಹಾರ್ಮೋನಿಯಂ ಬೇರೆ ಮೈಕಿನಲ್ಲಿ, ಕೀಬೋರ್ಡ್ ನೇರ ವೈರಿನಲ್ಲಿ. ಮೂರೂ ಮೂರು ಕೋಣೆಗಳಲ್ಲಿ ಕೂತ ಹಾಗೆ.

ಇದಕ್ಕೆ ಆಪರೇಟರುಗಳು ಕಂಡುಕೊಂಡ ಮದ್ದು ಎಕೋ. ಅದನ್ನು ಕಂಠಕ್ಕೆ ಮಾತ್ರ ಹಾಕುತ್ತಾರೆ, ಅದೂ ಧಾರಾಳವಾಗಿ. ಕಂಠ ಗುಹೆಗೆ ಹೋಗುತ್ತದೆ, ಕೀಬೋರ್ಡ್ ಅಂಗಳದಲ್ಲೇ ಉಳಿಯುತ್ತದೆ, ಬಿರುಕು ಇನ್ನೂ ಅಗಲವಾಗುತ್ತದೆ. ಸ್ಟುಡಿಯೊಗಳಲ್ಲಿ ಕಂಠಕ್ಕೂ ವಾದ್ಯಗಳಿಗೂ ಒಂದೇ ರಿವರ್ಬನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಡುವ ಪದ್ಧತಿ ಇರುವುದು ಎಲ್ಲವೂ ಒಂದೇ ಜಾಗದಲ್ಲಿ ನಡೆದಂತೆ ಕೇಳಲಿ ಎಂದೇ. ಬಯಲು ನಾಟಕಕ್ಕೂ ಇದು ಸಲ್ಲುತ್ತದೆ: ಹಾರ್ಮೋನಿಯಂಗೆ, ಕೀಬೋರ್ಡಿಗೆ, ಕಂಠಕ್ಕೆ ಒಂದೇ ಬಗೆಯ ಚಿಕ್ಕ ರಿವರ್ಬ್ ಸ್ವಲ್ಪ ಸ್ವಲ್ಪ ಸಾಕು. ಮಾತಿನ ಭಾಗಕ್ಕೆ ಅದೂ ಬೇಡ. ಶಕುನಿಯ ಕುಹಕದ ಮಾತು ಎಕೋದಲ್ಲಿ ಸತ್ತೇಹೋಗುತ್ತದೆ.

ಪದ ಕೇಳಿಸದಿರಲು ಇನ್ನೊಂದು ಕಾರಣವಿದೆ. ಸ, ಶ, ಚ, ಟ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಪಾಲು 2,000 ಹರ್ಟ್ಸ್‌ನಿಂದ ಮೇಲೆ. ಹಾರ್ಮೋನಿಯಂ ರೀಡಿನ ಝೇಂಕಾರವೂ ಅಲ್ಲಿಯವರೆಗೆ ಹರಡಿಕೊಂಡಿದೆ, ಪ್ಯಾಡಿನ ತಾಳದ ಚಿಲಿಪಿಲಿಯೂ ಅಲ್ಲೇ. ಮೂರೂ ಒಂದೇ ಜಾಗಕ್ಕೆ ನುಗ್ಗಿದಾಗ ಸೋಲುವುದು ಕಂಠ, ಏಕೆಂದರೆ ನಟ ಉಸಿರು ತೆಗೆದುಕೊಳ್ಳಬೇಕು, ಯಂತ್ರಕ್ಕೆ ಬೇಕಿಲ್ಲ. ಪರಿಹಾರ ಸರಳ: ವಾದ್ಯಗಳಲ್ಲಿ 2,000ದಿಂದ 4,000 ಹರ್ಟ್ಸ್ ಭಾಗವನ್ನು ಸ್ವಲ್ಪ ತಗ್ಗಿಸಿ ಕಂಠಕ್ಕೆ ದಾರಿ ಬಿಡುವುದು, ಕಂಠದ ಮೈಕಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಗಾಳಿಯ ಗುಯ್ಗುಟ್ಟುವಿಕೆ, ಗದೆಯ ಬಡಿತ ತಡೆಯುವುದು. ಆದರೆ ನಡೆಯುವುದು ತದ್ವಿರುದ್ಧ. ಹಣ ಹಾಕಿದ ಪ್ರತಿ ಪಾತ್ರಧಾರಿಯ ಕಡೆಯವರೂ ಬಂದು ‘ನಮ್ಮಣ್ಣನ ಮೈಕ್ ಜೋರು ಮಾಡಪ್ಪ’ ಎನ್ನುತ್ತಾರೆ. ಅವನದು ಏರಿದಾಗ ಕೀಬೋರ್ಡಿನವನಿಗೆ ತನ್ನದು ಕೇಳುವುದಿಲ್ಲ, ಅವನೂ ಏರಿಸುತ್ತಾನೆ. ಮಧ್ಯರಾತ್ರಿಯ ಹೊತ್ತಿಗೆ ಎಲ್ಲ ಗುಂಡಿಗಳೂ ತುದಿ ಮುಟ್ಟಿ ಮೈಕ್ ಕೂಗತೊಡಗುತ್ತದೆ.

ಊರಾಚೆಯ ಕಂಬಕ್ಕೆ ಕಟ್ಟುವ ಕೊಂಬು ಸ್ಪೀಕರಿನ ವಿಷಯ ಬೇಗ ಮುಗಿಸುತ್ತೇನೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗದಿಂದ 60 ಮೀಟರ್ ದೂರ ಕೂತವನಿಗೆ ಪಕ್ಕದ ಕಂಬದ ದನಿ ಮೊದಲು, ರಂಗದ ದನಿ ಸೆಕೆಂಡಿನ ಆರನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಪ್ರತಿ ಅಕ್ಷರವೂ ಎರಡೆರಡು ಸಲ. ಆ ಸ್ಪೀಕರಿಗೆ ಅಷ್ಟೇ ವಿಳಂಬ ಕೊಡಬೇಕು, ಇಲ್ಲವೇ ತೆಗೆದುಹಾಕಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಹಾಕಿರುವ ಕಡಿವಾಣವನ್ನು ನೆನೆದರೂ, ನಾಟಕ ನೋಡಲು ಬಾರದವರ ಮನೆಗೆ ಪದ್ಯ ಮುಟ್ಟಿಸುವ ಅಗತ್ಯವಿಲ್ಲ.

ಹೊಸ ವಾದ್ಯಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ಕೃಷ್ಣನ ಪ್ರವೇಶಕ್ಕೆ ಕೀಬೋರ್ಡಿನ ಕೊಳಲು ಹದವಾಗಿ ಬಂದರೆ ಚೆನ್ನ. ಶ್ರುತಿ ಬದಲಾವಣೆಯೂ ಅದಕ್ಕೆ ಸುಲಭ. ಪ್ಯಾಡ್ ಯುದ್ಧದ ದೃಶ್ಯಕ್ಕೆ ಸರಿ. ಆದರೆ ತಾಳವಿಲ್ಲದೆ, ಭಾವ ಎಳೆದಷ್ಟು ಎಳೆದು ಹೇಳುವ ಕಂದಪದ್ಯದ ಕೆಳಗೆ ಪ್ಯಾಡ್ ಬಾರಿಸುವುದು ನನ್ನ ಪ್ರಕಾರ ಅಪಚಾರ. ಅಲ್ಲಿ ಬೇಕಾದದ್ದು ಷಡ್ಜ ಹಿಡಿದ ಹಾರ್ಮೋನಿಯಂ ಒಂದೇ. ಅದೂ ನಟ ಉಸಿರು ತೆಗೆದುಕೊಳ್ಳುವಾಗ ಮುಂದೆ ಬಂದು, ಮತ್ತೆ ಪದ ಎತ್ತಿದಾಗ ಹಿಂದೆ ಸರಿಯಬೇಕು.

ಈ ನೆಲಕ್ಕೆ ಅಂಥ ಕಿವಿ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದದ್ದನ್ನು ಇಂದಿಗೂ ಜನ ಹೇಳುತ್ತಾರೆ. ಅದೇ ಕಂಪನಿಗೆ ಹುಡುಗನಾಗಿ ಬಂದು ಸೇರಿದ ಬಿ.ವಿ. ಕಾರಂತರು ಮುಂದೆ ಕೆಲವೇ ಶಬ್ದಗಳಲ್ಲಿ ಇಡೀ ರಂಗವನ್ನು ತುಂಬುವ ಸಂಗೀತ ಕಟ್ಟಿದರು. ‘ಘಟಶ್ರಾದ್ಧ’ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ವೈಭವವೂ ಮಿತವೂ ಒಂದೇ ಮನೆಯಿಂದ ಬಂದವು. ನಾವು ವೈಭವವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಆಪರೇಟರನ್ನು ದೂರುವುದು ಸುಲಭ. ಪಾಪ, ಅವನಿಗೆ ನಾಟಕವೇ ಗೊತ್ತಿರುವುದಿಲ್ಲ. ಸಂಜೆ ಗಾಡಿಯಿಂದ ಸಾಮಾನು ಇಳಿಸಿ, ಬೆಳಗಾಗುವಾಗ ಮತ್ತೆ ತುಂಬುತ್ತಾನೆ. ಯಾವ ಪದ್ಯ ಯಾವಾಗ ಬರುತ್ತದೆ, ಯಾರ ಕಂಠ ಮೆಲ್ಲಗೆ, ಯಾರದು ಗಟ್ಟಿ, ಒಂದೂ ತಿಳಿಯದು. ಮೇಲಾಗಿ ಅವನನ್ನು ರಂಗದ ಪಕ್ಕದ ಮೂಲೆಯಲ್ಲಿ ಕೂರಿಸುತ್ತೇವೆ. ಪ್ರೇಕ್ಷಕರಿಗೆ ಏನು ಕೇಳುತ್ತಿದೆ ಎಂಬುದು ಅವನಿಗೆ ಕೇಳುವುದೇ ಇಲ್ಲ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ನಾಲ್ಕು ಗೋಡೆಯೊಳಗಾದರೂ, ಊರ ಬಯಲಾದರೂ ಕಷ್ಟ ಇದೇ.

ಹಾಗಾಗಿ ಸಿ.ಎಸ್. ಪುರದ ಸುತ್ತಿನ ಕಲಾ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟು. ಸೀನರಿಗೆ ಮುಂಗಡ ಕೊಡುವಾಗಲೇ ಸೌಂಡಿನವರಿಗೂ ಹೇಳಿ, ಕೊನೆಯ ಎರಡು ಪ್ರಾಕ್ಟೀಸಿಗೆ ಆಪರೇಟರನ್ನು ಕರೆಸಿ ಮೇಷ್ಟ್ರ ಪಕ್ಕ ಕೂರಿಸಿ. ಅದಕ್ಕೆ ಬೇಕಾದ ಹಣವನ್ನು ಪಟಾಕಿ, ಹಾರದ ಖರ್ಚಿನಿಂದ ತೆಗೆಯಿರಿ. ನಾಟಕದ ರಾತ್ರಿ ಮಿಕ್ಸರನ್ನು ಜನರ ನಡುವೆ, ಅಂಕದ ಪರದೆಗೆ ನೇರವಾಗಿ ಇಡಿಸಿ. ಯಾರ ದನಿ ಎಷ್ಟಿರಬೇಕು ಎನ್ನುವುದನ್ನು ಹಾರ್ಮೋನಿಯಂ ಮೇಷ್ಟ್ರು ಒಬ್ಬರೇ ಹೇಳಲಿ. ಉಳಿದವರು ಆ ಮೇಜಿನ ಹತ್ತಿರ ಹೋಗದಿರಲಿ.